ಮೇವಿನ ಲೆಕ್ಕ



ನಮ್ಮ ನಗರದ ದೇವಾಲಯಗಳ ಬಾಗಿಲಲ್ಲಿ ಹಸುವೊಂದನ್ನು ಕಟ್ಟಿಕೊಂಡು, ಪಕ್ಕದಲ್ಲಿ ಹಸಿಹುಲ್ಲಿನ ಸಿವುಡುಗಳನ್ನಿಟ್ಟುಕೊಂಡು ಕುಳಿತಿರುವವರನ್ನು ನೀವು ನೋಡಿರಬಹುದು. ದರ್ಶನಕ್ಕೆ ಬಂದವರು ದುಡ್ಡು ಕೊಟ್ಟು ಒಂದು ಸಿವುಡನ್ನು ಕೊಂಡು, ಹಸುವಿಗೆ ತಿನ್ನಿಸಿ, ಕೈಮುಗಿದು ಹೋಗುತ್ತಾರೆ. ರಜೆಯಲ್ಲಿ ಊರಿಗೆ ಹೋದಾಗ ನೀವು ಕಾಣುವ ದೃಶ್ಯವೇ ಬೇರೆ. ಅಲ್ಲಿ ಅಜ್ಜನು ಎತ್ತುಗಳಿಗೆ ಕಣಿಕೆಯ ಮೇವನ್ನು ಹಾಕಿದ ಮೇಲೆ, ನೆನೆಯಿಸಿದ ಹತ್ತಿಕಾಳನ್ನೋ ಶೇಂಗಾ ಹಿಂಡಿಯನ್ನೋ ಅಳೆದು ಮುಂದಿಡುತ್ತಾನೆ. ಉಳುಮೆಯ ದಿನಗಳಲ್ಲಿ ಆ ಅಳತೆ ಹೆಚ್ಚುತ್ತದೆ. ಕೆಲಸವಿಲ್ಲದ ದಿನಗಳಲ್ಲಿ ಕಡಿಮೆಯಾಗುತ್ತದೆ. ಅಜ್ಜನು ಯಾವ ಪುಸ್ತಕವನ್ನೂ ಓದಿ ಇದನ್ನು ಕಲಿತವನಲ್ಲ. ಆದರೆ ಅವನ ಕೈಯ ಆ ಅಳತೆಯಲ್ಲಿ ಒಂದು ಶಾಸ್ತ್ರವೇ ಅಡಗಿದೆ.

ನಮ್ಮಲ್ಲಿ ದನವನ್ನು ಬಹುಮಟ್ಟಿಗೆ ಹಾಲಿಗಾಗಿ, ಗೊಬ್ಬರಕ್ಕಾಗಿ, ನೇಗಿಲು ಗಾಡಿಗಳಿಗಾಗಿ ಸಾಕುತ್ತಾರೆ. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಮಾಂಸಕ್ಕಾಗಿಯೇ ದನಗಳನ್ನು ಬೆಳೆಯಿಸುವುದು ಒಂದು ಮಹೋದ್ಯಮ. ಅಲ್ಲಿನ ರೈತನಿಗೆ ದನವೆಂದರೆ ಬೆಳೆ, ಮೇವೆಂದರೆ ಬಂಡವಾಳ. ಆದುದರಿಂದ ಯಾವ ಮೇವು ಹಾಕಿದರೆ ಪಶು ಹೇಗೆ ಬೆಳೆಯುತ್ತದೆ, ಮಾಂಸದ ಗುಣ ಹೇಗಾಗುತ್ತದೆ, ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಅಲ್ಲಿ ಬಹಳ ಸೂಕ್ಷ್ಮವಾಗಿ ವಿಚಾರ ಮಾಡಿದ್ದಾರೆ. ಆಹಾರಪದ್ಧತಿ ದೇಶದೇಶಕ್ಕೆ ಬೇರೆಯಾದರೂ ಪ್ರಾಣಿಯ ದೇಹಧರ್ಮ ಒಂದೇ. ಹೀಗಾಗಿ ಆ ವಿಚಾರವನ್ನು ನಾವೂ ತಿಳಿಯುವುದು ಲಾಭದಾಯಕವೇ ಸರಿ.

ಹೊಟ್ಟೆಯೊಳಗಿನ ಕಾರ್ಖಾನೆ

ದನವು ಮೆಲುಕು ಹಾಕುವ ಪ್ರಾಣಿ. ಅದರ ಹೊಟ್ಟೆಯಲ್ಲಿ ನಾಲ್ಕು ಭಾಗಗಳುಂಟು. ಮೊದಲನೆಯದಾದ ರೂಮೆನ್ ಎಂಬ ಚೀಲವು ಎಲ್ಲಕ್ಕಿಂತ ದೊಡ್ಡದು. ಬೆಳೆದ ದನದಲ್ಲಿ ಅದು ೧೦೦ ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಹುಲ್ಲಿನಲ್ಲಿ ಮುಖ್ಯವಾಗಿರುವ ಸೆಲ್ಯುಲೋಸ್ ಎಂಬ ನಾರನ್ನು ಜೀರ್ಣಿಸುವ ರಸವು ಮನುಷ್ಯನಲ್ಲಿ ಇಲ್ಲ. ನಿಜ ಹೇಳಬೇಕೆಂದರೆ ದನದಲ್ಲಿಯೂ ಇಲ್ಲ. ಆ ಕೆಲಸವನ್ನು ಮಾಡುವವು ರೂಮೆನ್‌ನಲ್ಲಿ ಕೋಟ್ಯನುಕೋಟಿಯಾಗಿ ನೆಲೆಸಿರುವ ಸೂಕ್ಷ್ಮಜೀವಿಗಳು. ಅವು ನಾರನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯೋನಿಕ್, ಬ್ಯೂಟಿರಿಕ್ ಎಂಬ ಆಮ್ಲಗಳನ್ನಾಗಿ ಮಾಡುತ್ತವೆ. ಈ ಆಮ್ಲಗಳೇ ರಕ್ತವನ್ನು ಸೇರಿ ದನಕ್ಕೆ ಶಕ್ತಿಯನ್ನೊದಗಿಸುತ್ತವೆ. ಮುಂದೆ ಆ ಸೂಕ್ಷ್ಮಜೀವಿಗಳೇ ಕರುಳಿಗೆ ಜಾರಿ ಜೀರ್ಣವಾಗಿ ದನಕ್ಕೆ ಸಸಾರಜನಕವಾಗುತ್ತವೆ. ಆದುದರಿಂದ ರೈತನು ಮೇವು ಹಾಕುವುದು ಮೊದಲು ಈ ಜೀವಿಗಳಿಗೆ; ಆಮೇಲೆ ದನಕ್ಕೆ.

ಮೇವು ಬದಲಾದರೆ ಈ ಜೀವಿಗಳ ಸಂಸಾರವೂ ಬದಲಾಗುತ್ತದೆ. ಹುಲ್ಲು ಹೆಚ್ಚಾದಾಗ ಅಸಿಟಿಕ್ ಆಮ್ಲ ಹೆಚ್ಚುತ್ತದೆ. ಮೀಥೇನ್ ಅನಿಲವೂ ಹೆಚ್ಚಾಗಿ ಹುಟ್ಟಿ, ಮೇವಿನಲ್ಲಿದ್ದ ಶಕ್ತಿಯ ಒಂದು ಪಾಲು ತೇಗಿನೊಡನೆ ಗಾಳಿಗೆ ಹೋಗುತ್ತದೆ. ಪಿಷ್ಟವುಳ್ಳ ಕಾಳು ಹೆಚ್ಚಾದಾಗ ಪ್ರೊಪಿಯೋನಿಕ್ ಆಮ್ಲದ ಪಾಲು ಏರುತ್ತದೆ. ಅನಿಲದ ನಷ್ಟ ತಗ್ಗುತ್ತದೆ. ಕಾಳು ತಿಂದ ದನ ಬೇಗ ಬೆಳೆಯುವುದಕ್ಕೆ ಇದೊಂದು ಕಾರಣ.

ಹಾಗಾದರೆ ಕಾಳನ್ನೇ ಹೊಟ್ಟೆತುಂಬ ಸುರಿಯಬಾರದೇಕೆ? ಹುಲ್ಲಿಗೆ ಒಗ್ಗಿದ ದನಕ್ಕೆ ಒಮ್ಮೆಲೇ ಕಾಳು ಹಾಕಿದರೆ ರೂಮೆನ್‌ನಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ ಹುಳಿ ವಿಪರೀತವಾಗುತ್ತದೆ. ದನ ಮೇವು ಬಿಡುತ್ತದೆ, ಭೇದಿಯಾಗುತ್ತದೆ, ಸಾಯಲೂಬಹುದು. ಬದುಕಿದರೂ ಯಕೃತ್ತಿನಲ್ಲಿ ಕೀವುಗಡ್ಡೆಗಳಾಗುವುದುಂಟು. ಆದುದರಿಂದ ತಿಳಿದ ರೈತರು ಸುಮಾರು ಮೂರು ವಾರಗಳ ಕಾಲ ದಿನಕ್ಕಿಷ್ಟಿಷ್ಟೆಂದು ಕಾಳನ್ನು ಏರಿಸುತ್ತಾರೆ. ಕೊನೆಯವರೆಗೂ ಸ್ವಲ್ಪವಾದರೂ ನಾರಿನ ಮೇವನ್ನು ಉಳಿಸಿಯೇ ಇರುತ್ತಾರೆ.

ಹದಿನಾರು ಕಡಸುಗಳ ಪಾಠ

ಮೇವಿನ ಗುಣವನ್ನು ಅಳೆಯುವುದು ಹೇಗೆ? ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರಜ್ಞರು ಮೇವಿನಲ್ಲಿ ಸಸಾರಜನಕ, ಪಿಷ್ಟ, ಕೊಬ್ಬು, ಲವಣ ಎಷ್ಟೆಷ್ಟಿವೆಯೆಂದು ಅಳೆದರೆ ಸಾಕೆಂದು ನಂಬಿದ್ದರು. ಆ ನಂಬಿಕೆಯನ್ನು ಪರೀಕ್ಷೆಗೊಡ್ಡಿದವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹಾರ್ಟ್, ಮೆಕಾಲಮ್, ಹಂಫ್ರಿ ಮತ್ತು ಸ್ಟೀನ್‌ಬಾಕ್ ಎಂಬ ವಿಜ್ಞಾನಿಗಳು. ೧೯೦೭ರಲ್ಲಿ ಅವರು ಹದಿನಾರು ಕಡಸುಗಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಗೋವಿನಜೋಳದ ಗಿಡದಿಂದ ಬಂದ ಆಹಾರ ಮಾತ್ರ, ಎರಡನೆಯದಕ್ಕೆ ಗೋಧಿಯದು, ಮೂರನೆಯದಕ್ಕೆ ಓಟ್ಸ್ ಧಾನ್ಯದ್ದು, ನಾಲ್ಕನೆಯದಕ್ಕೆ ಮೂರರ ಮಿಶ್ರಣ. ರಸಾಯನದ ಲೆಕ್ಕದಲ್ಲಿ ನಾಲ್ಕೂ ಆಹಾರಗಳು ಸಮವಾಗಿದ್ದವು.

ಫಲ ಮಾತ್ರ ಸಮವಾಗಲಿಲ್ಲ. ಗೋವಿನಜೋಳ ತಿಂದವು ಮೈತುಂಬಿ ಹೊಳೆದವು. ಗಟ್ಟಿಯಾದ ಕರುಗಳನ್ನು ಹಾಕಿದವು. ಗೋಧಿ ತಿಂದವು ಸೊರಗಿದವು. ಅವುಗಳ ಕರುಗಳು ಅವಧಿಗೆ ಮೊದಲೇ ಹುಟ್ಟಿ ಬದುಕಲಿಲ್ಲ. ಉಳಿದೆರಡು ಗುಂಪುಗಳು ನಡುವೆ ನಿಂತವು. ೧೯೧೧ರಲ್ಲಿ ಈ ಫಲಿತಾಂಶ ಪ್ರಕಟವಾದಾಗ, ಅಂದಿನ ರಸಾಯನಶಾಸ್ತ್ರದ ತಕ್ಕಡಿಗೆ ಸಿಕ್ಕದ ಏನೋ ಒಂದು ಆಹಾರದಲ್ಲಿದೆಯೆಂಬುದು ಸ್ಪಷ್ಟವಾಯಿತು. ಎರಡು ವರ್ಷಗಳ ತರುವಾಯ, ೧೯೧೩ರಲ್ಲಿ, ಅದೇ ಮೆಕಾಲಮ್ ಮತ್ತು ಅವರ ಸಹಾಯಕಿ ಡೇವಿಸ್ ಬೆಣ್ಣೆಯ ಕೊಬ್ಬಿನಲ್ಲಿದ್ದ ಜೀವಸತ್ವವೊಂದನ್ನು ಗುರುತಿಸಿದರು. ಅದನ್ನೇ ನಾವಿಂದು 'ಎ' ಜೀವಸತ್ವವೆನ್ನುತ್ತೇವೆ. ಹಸುರೆಲೆಯಲ್ಲಿಯೂ ಹಳದಿ ಗೋವಿನಜೋಳದಲ್ಲಿಯೂ ಇರುವ ಕ್ಯಾರೋಟೀನ್ ದನದ ಮೈಯಲ್ಲಿ ಈ ಜೀವಸತ್ವವಾಗುತ್ತದೆ. ಗೋಧಿಯ ಕಾಳು ಹುಲ್ಲುಗಳಲ್ಲಿ ಅದು ಬಹಳ ಕಡಿಮೆ. ಮೂಕಪ್ರಾಣಿಗಳ ಕೊಟ್ಟಿಗೆಯಲ್ಲಿ ಕಲಿತ ಪಾಠವು ಹೀಗೆ ಮನುಷ್ಯರ ಮಕ್ಕಳ ಕಣ್ಣುಗಳನ್ನು ಕಾಪಾಡುವ ಜ್ಞಾನಕ್ಕೆ ದಾರಿಯಾಯಿತು.

ಹುಲ್ಲುಗಾವಲಿನಿಂದ ದೊಡ್ಡಿಗೆ

ಇನ್ನು ಅಮೆರಿಕದ ಮಾಂಸದ ದನವೊಂದರ ಜೀವನಕ್ರಮವನ್ನು ನೋಡೋಣ. ಕರುಗಳು ಬಹುಮಟ್ಟಿಗೆ ವಸಂತದಲ್ಲಿ ಹುಟ್ಟಿ, ತಾಯಿಯ ಹಾಲನ್ನೂ ಹುಲ್ಲನ್ನೂ ಉಂಡು ಬೆಳೆಯುತ್ತವೆ. ಆರರಿಂದ ಎಂಟು ತಿಂಗಳಿಗೆ ಹಾಲು ಬಿಡಿಸುವಾಗ ಅವುಗಳ ತೂಕ ಸುಮಾರು ೨೫೦ ಕಿಲೊ. ಅನಂತರ ಹಲವನ್ನು ಮತ್ತೆ ಕೆಲವು ತಿಂಗಳು ಹುಲ್ಲಿನ ಮೇಲೆಯೇ ಬಿಡುತ್ತಾರೆ. ಈ ಕಾಲದಲ್ಲಿ ಎಲುಬು ಸ್ನಾಯುಗಳು ಬೆಳೆಯಬೇಕು; ಕೊಬ್ಬಿಗೆ ಅವಸರವಿಲ್ಲ. ಕ್ಯಾನ್ಸಸ್ ಸಂಸ್ಥಾನದ ಫ್ಲಿಂಟ್ ಹಿಲ್ಸ್ ಎಂಬ ಗುಡ್ಡಗಳ ಎತ್ತರದ ಹುಲ್ಲು ಇದಕ್ಕೆ ಹೆಸರಾದುದು.

ಕೊನೆಯ ನಾಲ್ಕರಿಂದ ಆರು ತಿಂಗಳು ಮಾತ್ರ ಹೆಚ್ಚಿನ ದನಗಳು ದೊಡ್ಡಿಯಲ್ಲಿ ಕಳೆಯುತ್ತವೆ. ಟೆಕ್ಸಸ್, ನೆಬ್ರಾಸ್ಕ, ಕ್ಯಾನ್ಸಸ್ ಸಂಸ್ಥಾನಗಳಲ್ಲಿ ಸಾವಿರಾರು ದನಗಳನ್ನು ಒಂದೆಡೆ ಕೂಡಿ ಕಾಳಿನ ಆಹಾರದಿಂದ ಕೊಬ್ಬಿಸುವ ದೊಡ್ಡಿಗಳಿವೆ. ಅಲ್ಲಿ ಗೋವಿನಜೋಳವನ್ನು ಹಬೆಯಲ್ಲಿ ಬೇಯಿಸಿ, ಉರುಳೆಗಳ ನಡುವೆ ಅವಲಕ್ಕಿಯಂತೆ ಒತ್ತಿ ಕೊಡುವುದುಂಟು. ಹಾಗೆ ಮಾಡಿದರೆ ಪಿಷ್ಟವು ಚೆನ್ನಾಗಿ ಜೀರ್ಣವಾಗುತ್ತದೆ. ಹುಲ್ಲಿನ ಮೇಲೆ ದಿನಕ್ಕೆ ಮುಕ್ಕಾಲು ಕಿಲೊವಿನಷ್ಟು ಏರುವ ತೂಕ, ದೊಡ್ಡಿಯಲ್ಲಿ ಒಂದೂವರೆ ಕಿಲೊವಿನ ಸುತ್ತ ಏರುತ್ತದೆ.

ಇದರ ರಹಸ್ಯವನ್ನು ತಿಳಿಯುವುದು ಕಷ್ಟವಲ್ಲ. ದನವು ತಿಂದುದರಲ್ಲಿ ಮೊದಲ ಪಾಲು ಉಸಿರಾಟ, ರಕ್ತಸಂಚಾರ, ಮೈಯ ಬಿಸಿ ಇವುಗಳಿಗೆ ವೆಚ್ಚವಾಗುತ್ತದೆ. ಉಳಿದುದು ಮಾತ್ರ ಬೆಳವಣಿಗೆಗೆ. ನಿಧಾನವಾಗಿ ಬೆಳೆಯುವ ದನಕ್ಕೆ ಈ ನಿತ್ಯದ ವೆಚ್ಚವನ್ನು ಹೆಚ್ಚು ದಿನ ಕೊಡಬೇಕಾಗುತ್ತದೆ. ಬಾಡಿಗೆ ಮನೆಯಲ್ಲಿ ಹೆಚ್ಚು ತಿಂಗಳು ಇದ್ದವನಂತೆ.

ಮಾಂಸದ ಗುಣ

ಮೇವು ಮಾಂಸದಲ್ಲಿ ತನ್ನ ಗುರುತನ್ನು ಬಿಡುತ್ತದೆ. ಹುಲ್ಲು ತಿಂದ ದನದ ಕೊಬ್ಬು ಕ್ಯಾರೋಟೀನಿನಿಂದ ಹಳದಿಯಾಗಿರುತ್ತದೆ. ಕಾಳು ತಿಂದುದರದು ಬಿಳುಪಾಗಿರುತ್ತದೆ. ಕಾಳಿನಿಂದ ಸ್ನಾಯುವಿನ ಎಳೆಗಳ ನಡುವೆ ಕೊಬ್ಬು ಸಣ್ಣ ಗೆರೆಗಳಾಗಿ ಹರಡಿ, ಕತ್ತರಿಸಿದ ಮಾಂಸವು ಅಮೃತಶಿಲೆಯಂತೆ ಕಾಣುತ್ತದೆ. ಇದಕ್ಕೆ ಮಾರ್ಬ್ಲಿಂಗ್ ಎಂದು ಹೆಸರು. ಅಮೆರಿಕದ ಕೃಷಿ ಇಲಾಖೆಯು ೧೯೨೭ರಿಂದ ಮಾಂಸಕ್ಕೆ ದರ್ಜೆಯ ಮುದ್ರೆ ಹಾಕುತ್ತ ಬಂದಿದೆ. ಪ್ರೈಮ್, ಚಾಯ್ಸ್, ಸೆಲೆಕ್ಟ್ ಎಂಬ ದರ್ಜೆಗಳು ಈ ಗೆರೆಗಳ ಸಮೃದ್ಧಿಯನ್ನೂ ದನದ ವಯಸ್ಸನ್ನೂ ನೋಡಿ ನಿಶ್ಚಯವಾಗುತ್ತವೆ, ದರ್ಜೆಯಂತೆ ಬೆಲೆ.

ಇನ್ನೊಂದು ದೃಷ್ಟಿಯಿಂದ ನೋಡಿದರೆ ಹುಲ್ಲಿನ ಮಾಂಸವೇ ಮೇಲೆನ್ನುವವರೂ ಇದ್ದಾರೆ. ಅದರಲ್ಲಿ ಸಾಮಾನ್ಯವಾಗಿ ಒಟ್ಟು ಕೊಬ್ಬು ಕಡಿಮೆ. ಒಮೇಗಾ-೩ ಎಂಬ ಕೊಬ್ಬಿನಾಮ್ಲಗಳ ಪಾಲೂ 'ಇ' ಜೀವಸತ್ವವೂ ಹೆಚ್ಚು. ರುಚಿಯೂ ಬೇರೆ. ಗುಣವೆಂಬುದು ಒಂದೇ ಅಳತೆಗೋಲಿನದಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಲಾಭ ಎಲ್ಲಿದೆ?

ಈಗ ಒಂದು ಲೆಕ್ಕ ಮಾಡೋಣ. ಬೆಲೆಗಳನ್ನು ಅಭ್ಯಾಸಕ್ಕಾಗಿ ನಾವೇ ಊಹಿಸಿಕೊಂಡಿದ್ದೇವೆ. ೩೬೦ ಕಿಲೊ ತೂಕದ ದನವನ್ನು ೬೦೦ ಕಿಲೊವಿಗೆ ಏರಿಸಬೇಕು. ಎಂದರೆ ೨೪೦ ಕಿಲೊ ಬೆಳವಣಿಗೆ.

ದೊಡ್ಡಿಯಲ್ಲಿ ದಿನಕ್ಕೆ ಒಂದೂವರೆ ಕಿಲೊವಿನಂತೆ ೧೬೦ ದಿನ ಬೇಕು. ಒಂದು ಕಿಲೊ ಬೆಳವಣಿಗೆಗೆ ಆರೂವರೆ ಕಿಲೊ ಒಣ ಆಹಾರವೆಂದರೆ ಒಟ್ಟು ೧,೫೬೦ ಕಿಲೊ. ಕಿಲೊಗೆ ೨೦ ಸೆಂಟಿನಂತೆ ೩೧೨ ಡಾಲರು. ಕೂಲಿ, ಬಡ್ಡಿ ಮುಂತಾದುವು ದಿನಕ್ಕೆ ೨೦ ಸೆಂಟಿನಂತೆ ೩೨ ಡಾಲರು. ಒಟ್ಟು ೩೪೪ ಡಾಲರು.

ಹುಲ್ಲಿನ ಮೇಲೆ ದಿನಕ್ಕೆ ಮುಕ್ಕಾಲು ಕಿಲೊವಿನಂತೆ ೩೨೦ ದಿನ ಬೇಕು. ಒಂದು ಕಿಲೊ ಬೆಳವಣಿಗೆಗೆ ೧೪ ಕಿಲೊ ಒಣಮೇವೆಂದರೆ ಒಟ್ಟು ೩,೩೬೦ ಕಿಲೊ. ಕಿಲೊಗೆ ೮ ಸೆಂಟಿನಂತೆ ೨೬೮ ಡಾಲರು ೮೦ ಸೆಂಟು. ಇತರ ವೆಚ್ಚ ೬೪ ಡಾಲರು. ಒಟ್ಟು ೩೩೨ ಡಾಲರು ೮೦ ಸೆಂಟು.

ಇಲ್ಲಿ ಹುಲ್ಲೇ ಗೆದ್ದಿತು. ಆದರೆ ಕಾಳಿನ ಆಹಾರದ ಬೆಲೆ ೧೮ ಸೆಂಟಿಗೆ ಇಳಿಯಲಿ. ದೊಡ್ಡಿಯ ವೆಚ್ಚವು ೩೧೨ ಡಾಲರು ೮೦ ಸೆಂಟಿಗಿಳಿದು, ಗೆದ್ದ ಹುಲ್ಲು ಸೋಲುತ್ತದೆ. ಎರಡೇ ಸೆಂಟಿನ ಅಂತರದಲ್ಲಿ ತೀರ್ಪು ತಿರುವುಮುರುವಾಯಿತು! ಜಾಣ ರೈತನು ಆದುದರಿಂದಲೇ ಒಂದೇ ಮೇವನ್ನು ನೆಚ್ಚುವುದಿಲ್ಲ. ಇಂಧನಕ್ಕಾಗಿ ಗೋವಿನಜೋಳದಿಂದ ಎಥನಾಲ್ ತೆಗೆದ ಮೇಲೆ ಉಳಿಯುವ ಚರಟವನ್ನೂ ಅಲ್ಲಿ ಮೇವಾಗಿ ಬಳಸುತ್ತಾರೆ. ಆದರೆ ಅದರಲ್ಲಿ ಗಂಧಕ ಹೆಚ್ಚಿರುವುದುಂಟು, ಮಿತಿ ಮೀರಿದರೆ ದನದ ಮಿದುಳಿಗೆ ಕೇಡು.

ಯಾವಾಗ ನಿಲ್ಲಿಸಬೇಕೆಂಬುದೂ ಒಂದು ವಿದ್ಯೆ. ಸ್ನಾಯುವಿನಲ್ಲಿ ಬಹುಪಾಲು ನೀರು. ಕೊಬ್ಬಿನಲ್ಲಿ ನೀರು ಅತ್ಯಲ್ಪ. ಆದುದರಿಂದ ಒಂದು ಕಿಲೊ ಕೊಬ್ಬನ್ನು ಕಟ್ಟುವುದಕ್ಕೆ ಒಂದು ಕಿಲೊ ಸ್ನಾಯುವಿಗಿಂತ ಬಹಳ ಹೆಚ್ಚು ಆಹಾರ ಬೇಕು. ಬೆಳವಣಿಗೆಯ ಕೊನೆಯಲ್ಲಿ ಏರುವ ತೂಕದಲ್ಲಿ ಕೊಬ್ಬೇ ಹೆಚ್ಚಾದುದರಿಂದ ಪ್ರತಿಯೊಂದು ಕಿಲೊವೂ ಹಿಂದಿನದಕ್ಕಿಂತ ದುಬಾರಿಯಾಗುತ್ತ ಹೋಗುತ್ತದೆ. ಇನ್ನೊಂದು ಕಿಲೊವಿನ ಖರ್ಚು ಅದರ ಬೆಲೆಯನ್ನು ಮುಟ್ಟಿದ ದಿನವೇ ಮಾರುವ ದಿನ.

ಅಗ್ಗದ ಮೇವಿನ ಬೆಲೆ

ಲಾಭವೊಂದನ್ನೇ ನೋಡಿ ಮೇವನ್ನು ಆರಿಸಿದರೆ ಏನಾಗಬಹುದೆಂಬುದಕ್ಕೆ ಬ್ರಿಟನ್ ದೇಶದ ಕಥೆಯೇ ಸಾಕ್ಷಿ. ಅಲ್ಲಿ ಸತ್ತ ಪ್ರಾಣಿಗಳ ಮಾಂಸ ಮೂಳೆಗಳ ಪುಡಿಯನ್ನು ಸಸಾರಜನಕಕ್ಕೆಂದು ದನಗಳ ಆಹಾರದಲ್ಲಿ ಬೆರಸುತ್ತಿದ್ದರು. ಹುಲ್ಲು ತಿನ್ನುವ ಪ್ರಾಣಿಗೆ ತನ್ನ ಜಾತಿಯ ಪ್ರಾಣಿಗಳನ್ನೇ ತಿನ್ನಿಸಿದಂತಾಯಿತು. ೧೯೮೬ರಲ್ಲಿ ದನಗಳ ಮಿದುಳು ಸ್ಪಂಜಿನಂತೆ ತೂತುಬೀಳುವ ಹೊಸ ರೋಗವೊಂದು ಗುರುತಿಗೆ ಬಂದಿತು. ತೂರಾಡಿ ಬೀಳುವ ದನಗಳನ್ನು ಕಂಡು ಜನರು ಅದನ್ನು ಹುಚ್ಚುದನದ ರೋಗವೆಂದರು. ೧೯೮೮ರಲ್ಲಿ ಅಂಥ ಮೇವನ್ನು ನಿಷೇಧಿಸಿದರು. ಆದರೆ ಅಷ್ಟರಲ್ಲಿ ರೋಗ ಹರಡಿತ್ತು. ಒಟ್ಟು ೧,೮೦,೦೦೦ಕ್ಕೂ ಹೆಚ್ಚು ದನಗಳಲ್ಲಿ ಅದು ಖಚಿತವಾಯಿತು; ಲಕ್ಷಗಟ್ಟಲೆ ದನಗಳನ್ನು ಮುನ್ನೆಚ್ಚರಿಕೆಗಾಗಿ ಕೊಂದು ಸುಡಬೇಕಾಯಿತು. ಈ ರೋಗಕ್ಕೂ ಮನುಷ್ಯರ ಮಿದುಳಿನ ಒಂದು ಮಾರಕ ರೋಗಕ್ಕೂ ಸಂಬಂಧವಿರುವ ಸಂಭವವನ್ನು ೧೯೯೬ರಲ್ಲಿ ಅಲ್ಲಿನ ಸರ್ಕಾರ ಒಪ್ಪಿಕೊಂಡಿತು. ಆ ರೋಗಕ್ಕೆ ಬ್ರಿಟನ್ನಿನಲ್ಲಿಯೇ ೧೭೦ಕ್ಕೂ ಹೆಚ್ಚು ಜನ ಬಲಿಯಾದರು. ಕೆಲವು ಕಾಸುಗಳ ಉಳಿತಾಯಕ್ಕೆ ತೆತ್ತ ಬೆಲೆ ಇದು.

ಮಿತ್ರರೇ, ಮೇವಿನ ಲೆಕ್ಕದಲ್ಲಿ ಕೂಡುವುದು ಕಳೆಯುವುದು ಮಾತ್ರವಲ್ಲ, ಪ್ರಾಣಿಯ ಸ್ವಭಾವಕ್ಕೆ ಸಲ್ಲಬೇಕಾದ ಮರ್ಯಾದೆಯೂ ಸೇರಿದೆ. ಆ ಮರ್ಯಾದೆಯನ್ನು ಮರೆತವನ ಲೆಕ್ಕ ಕಾಗದದ ಮೇಲೆ ಸರಿಯಾಗಿದ್ದರೂ ಕೊಟ್ಟಿಗೆಯಲ್ಲಿ ತಪ್ಪಾಗುತ್ತದೆ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ, ಅಜ್ಜನು ಹಿಂಡಿಯನ್ನು ಅಳೆಯುವ ಹೊತ್ತಿಗೆ ಹತ್ತಿರ ನಿಂತು, "ಇಷ್ಟೇ ಏಕೆ, ಅಜ್ಜ?" ಎಂದು ಕೇಳಿ ನೋಡಿರಿ. ಶಾಲೆಯ ಪಾಠವೊಂದು ಅಲ್ಲಿ ಮುಂದುವರಿಯುವುದನ್ನು ಕಾಣುವಿರಿ.

ಅಭ್ಯಾಸ

೧. ಹುಲ್ಲಿನಿಂದ ಕಾಳಿಗೆ ದನವನ್ನು ನಿಧಾನವಾಗಿ ಒಗ್ಗಿಸಬೇಕೇಕೆ?
೨. ವಿಸ್ಕಾನ್ಸಿನ್ ಪ್ರಯೋಗದಲ್ಲಿ ನಾಲ್ಕು ಆಹಾರಗಳೂ ರಸಾಯನದ ಲೆಕ್ಕದಲ್ಲಿ ಸಮವಾಗಿರಬೇಕಾದುದು ಅವಶ್ಯವಾಗಿತ್ತೇ? ಕಾರಣ ಕೊಡಿರಿ.
೩. ಮೇಲಿನ ಲೆಕ್ಕದಲ್ಲಿ ಕಾಳಿನ ಆಹಾರದ ಬೆಲೆ ಕಿಲೊಗೆ ೨೦ ಸೆಂಟೇ ಇದ್ದು, ಹುಲ್ಲಿನ ಬೆಲೆ ೯ ಸೆಂಟಿಗೆ ಏರಿದರೆ ಯಾವುದು ಲಾಭಕರ? ಎಷ್ಟು?