ಹುಲಿ ಗಣತಿ: ಯಂತ್ರದ ಕೆಲಸವೆಷ್ಟು, ಕಣ್ಣಿನ ಕೆಲಸವೆಷ್ಟು?



ಜರಡಿ ಹಿಡಿದ ಮೇಲೂ ಆರಿಸುವ ಕೈ ಬೇಕೆಂಬುದು ಕಾಫಿ, ಅಡಿಕೆ ಬೆಳೆಯುವ ನಮಗೆ ಹೊಸ ಮಾತಲ್ಲ. ಲಕ್ಷಗಟ್ಟಲೆ ಛಾಯಾಚಿತ್ರಗಳನ್ನು ಪರಿಶೀಲಿಸುವಲ್ಲಿಯೂ ಇದೇ ಕ್ರಮ ನಡೆಯುತ್ತದೆ. ನಮ್ಮ ತೋಟಗಳಂಚಿನ ಕಾಡಿನಲ್ಲಿ ನಡೆಯುವ ಹುಲಿ ಗಣತಿಯೇ ಇದಕ್ಕೆ ಒಳ್ಳೆಯ ನಿದರ್ಶನ.

2018ರ ಅಖಿಲ ಭಾರತ ಗಣತಿಯಲ್ಲಿ ದೇಶದ 26,838 ಸ್ಥಳಗಳಲ್ಲಿ ಕ್ಯಾಮೆರಾಗಳನ್ನು ಕಟ್ಟಲಾಗಿತ್ತು. ಬಿಸಿ ಮೈಯ ಪ್ರಾಣಿ ಎದುರು ಸುಳಿದೊಡನೆ ಇವು ತಾವಾಗಿಯೇ ಚಿತ್ರ ತೆಗೆಯುತ್ತವೆ. ಒಟ್ಟು ದೊರೆತ ಚಿತ್ರಗಳು 3,48,58,623. ಅವುಗಳಲ್ಲಿ ಹುಲಿಯವು 76,651, ಅಂದರೆ ಸುಮಾರು 455ಕ್ಕೆ ಒಂದು. ಇಷ್ಟನ್ನೂ ಜನರೇ ನೋಡಿ ಮುಗಿಸುವುದು ಆಗದ ಮಾತು.

ಮೊದಲನೆಯದು ಜರಡಿಯ ಹಂತ. ಬಲ್ಲವರು ಗುರುತಿಸಿಕೊಟ್ಟ ಚಿತ್ರಗಳಿಂದ ಕಲಿತ ಗಣಕಯಂತ್ರವು ಹೊಸ ಚಿತ್ರಗಳನ್ನು ಪ್ರಾಣಿವಾರು ವಿಂಗಡಿಸುತ್ತದೆ.

ಎರಡನೆಯದು ಹೋಲಿಕೆಯ ಹಂತ. ನಮ್ಮ ಹೆಬ್ಬೆರಳ ಗುರುತಿನಂತೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಎಡ ಬಲ ಪಕ್ಕೆಗಳ ಪಟ್ಟೆಯೂ ಬೇರೆ ಬೇರೆ. ಆದಕಾರಣ ದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಇಡುತ್ತಾರೆ. ಪರಿಣತರು ಚಿತ್ರದ ಮೇಲೆ ದೇಹದ ಕೆಲವು ಬಿಂದುಗಳನ್ನು ಗುರುತಿಸಿಕೊಟ್ಟರೆ, ಯಂತ್ರವು ಮೈಯ ಬಾಗುಬಳುಕನ್ನು ಲೆಕ್ಕಕ್ಕೆ ತೆಗೆದುಕೊಂಡು ಪಟ್ಟೆಯ ನಕ್ಷೆ ತಯಾರಿಸುತ್ತದೆ. ಅದನ್ನು ಹಳೆಯ ಸಂಗ್ರಹದೊಡನೆ ಹೋಲಿಸಿ, ಹೆಚ್ಚು ಹೊಂದುವ ಚಿತ್ರಗಳನ್ನು ಮುಂದಿಡುತ್ತದೆ.

ಮೂರನೆಯದು ಆರಿಸುವ ಹಂತ. "ಇದು ಅದೇ ಹುಲಿ" ಎಂಬ ತೀರ್ಮಾನವನ್ನು ಪರಿಣತರು ಕಣ್ಣಾರೆ ನೋಡಿಯೇ ಕೊಡತಕ್ಕದ್ದು. ಒಂದೇ ಹುಲಿಯನ್ನು ಎರಡೆಂದರೆ ಲೆಕ್ಕ ಉಬ್ಬುತ್ತದೆ; ಎರಡನ್ನು ಒಂದೆಂದರೆ ಕುಗ್ಗುತ್ತದೆ. ಆ ವರ್ಷ ಹೀಗೆ ಮರಿಗಳನ್ನು ಬಿಟ್ಟು 2,461 ಹುಲಿಗಳು ಚಿತ್ರದಲ್ಲಿ ಗುರುತಿಗೆ ಬಂದವು. ಚಿತ್ರಕ್ಕೆ ಸಿಗದವುಗಳನ್ನೂ ಅಂದಾಜಿಸಿ ದೇಶದಲ್ಲಿ 2,967, ಕರ್ನಾಟಕದಲ್ಲಿ 524 ಹುಲಿಗಳಿವೆಯೆಂದು ಎಣಿಸಲಾಯಿತು.

ಇದರಿಂದ ಬೆಳೆಗಾರನಿಗೇನು? ಕೊಟ್ಟಿಗೆಯ ದನವನ್ನು ಹಿಡಿದ ಹುಲಿ ಯಾವುದೆಂದು ಪತ್ತೆ ಹಚ್ಚಲೂ ಪಟ್ಟೆಯ ಹೋಲಿಕೆಯೇ ಆಧಾರ. ಗುರುತು ತಪ್ಪಿದರೆ ದಾರಿಹೋಕ ಹುಲಿ ಬೋನಿಗೆ ಬೀಳುತ್ತದೆ; ದನ ಹಿಡಿದದ್ದು ಆಳುಗಳು ಓಡಾಡುವ ತೋಟದಲ್ಲೇ ಉಳಿಯುತ್ತದೆ.

ಆದ್ದರಿಂದ ಸದಸ್ಯರು ಗಮನಿಸಬೇಕಾದ್ದು ಇಷ್ಟು: ಅರಣ್ಯ ಇಲಾಖೆಯವರು ತೋಟದಂಚಿನಲ್ಲಿ ಕಟ್ಟಿದ ಕ್ಯಾಮೆರಾವನ್ನು ಕದಲಿಸಬಾರದು. ಸತ್ತ ದನವನ್ನು ಅವರು ಬರುವ ಮೊದಲು ಎಳೆದು ಹಾಕಬಾರದು. ಹುಲಿ ಅದರ ಬಳಿಗೆ ಮರಳಿ ಬರುವುದುಂಟು, ಆಗಲೇ ಚಿತ್ರ ಸಿಗುವುದು. ಅದೇ ಕಾರಣಕ್ಕೆ ಆಳುಗಳನ್ನು ಆ ಕಡೆ ಕಳಿಸಲೂ ಬಾರದು. ಪಕ್ಕೆಯ ಪಟ್ಟೆ ಸ್ಪಷ್ಟವಾಗಿ ಕಾಣುವ ಒಂದು ಚಿತ್ರ ಸಿಕ್ಕಿದರೂ ಪರಿಣತರ ಕೆಲಸಕ್ಕೆ ದೊಡ್ಡ ಆಧಾರ.