ನಡೆಯಲಾಗದ ಕಾಲು ಪೆಡಲ್ ತುಳಿದೀತೆ?

ಹರಿಹರದ ಅಕ್ಕನವರಿಗೆ,

ನಡೆಯುವಾಗ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ, ಸೈಕಲ್ ಹತ್ತಿದರೆ ಮಾತ್ರ ಹಗುರ ಎಂದು ಬರೆದಿದ್ದೀರಿ. ಮನೆಯವರು ನಂಬುತ್ತಿಲ್ಲವಂತೆ. ನಾನು ನಂಬುತ್ತೇನೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೀಗೂ ಉಂಟು. ಕೆಲವೇ ಹೆಜ್ಜೆಗೆ ಮುಗ್ಗರಿಸುತ್ತಿದ್ದ ರೋಗಿಯೊಬ್ಬರು ಸರಾಗವಾಗಿ ಸೈಕಲ್ ಹೊಡೆದದ್ದನ್ನು ನೆದರ್‌ಲ್ಯಾಂಡ್ಸ್‌ನ ನರರೋಗ ತಜ್ಞ ಬಾಸ್ಟಿಯಾನ್ ಬ್ಲೂಮ್ 2010ರಲ್ಲಿ ವಿಡಿಯೊ ಸಮೇತ ದಾಖಲಿಸಿದರು. ತಿರುಗುವ ಪೆಡಲ್ ಕಾಲಿಗೆ ಲಯ ಹಿಡಿದುಕೊಡುತ್ತದೆ ಎಂಬುದು ಒಂದು ವಿವರಣೆ.

ಅಪಾಯ ಹೆಚ್ಚು ಇರುವುದು ಹತ್ತುವಾಗ, ಇಳಿಯುವಾಗ. ಅಡ್ಡ ಕಂಬಿ ಇಲ್ಲದ ಲೇಡೀಸ್ ಸೈಕಲ್ಲೇ ಇರಲಿ. ಕೂತಲ್ಲೇ ಎರಡೂ ಪಾದ ನೆಲಕ್ಕೆ ಊರುವಷ್ಟು ಸೀಟು ಇಳಿಸಿ, ಹೆಲ್ಮೆಟ್ ಹಾಕಿ. ಮಾತ್ರೆ ಚೆನ್ನಾಗಿ ಹಿಡಿದಿರುವ ಹೊತ್ತಿನಲ್ಲಿ, ಬಿಸಿಲೇರುವ ಮೊದಲು, ಜೊತೆಗೊಬ್ಬರಿರುವಂತೆ ಹೊರಡಿ. ಎದ್ದಾಗ ತಲೆ ಸುತ್ತಿದರೆ ಅಂದು ಬೇಡ. ದಾವಣಗೆರೆಯವರೆಗೂ ಹೋಗಬೇಕೆಂಬ ನಿಮ್ಮ ಆಸೆ ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ಆದರೆ ಲಾರಿ, ಬಸ್ಸು ನುಗ್ಗುವ ಆ ದಾರಿ ಸದ್ಯಕ್ಕೆ ಬೇಡ, ಊರೊಳಗಿನ ಬೀದಿಗಳೇ ಸಾಕು.

ಮೊದಲು ನರರೋಗ ತಜ್ಞರಿಂದ ಸಮತೋಲನ ಪರೀಕ್ಷೆ ಮಾಡಿಸಿ. ಮುಂದೆಂದಾದರೂ ಸೈಕಲ್ ಮೇಲೆ ಓಲಾಟ ಶುರುವಾದರೆ ತಡಮಾಡದೆ ಅವರಿಗೆ ತಿಳಿಸಿ. ರೋಗನಿರ್ಣಯವನ್ನೇ ಮತ್ತೊಮ್ಮೆ ನೋಡಬೇಕಾದ ಸುಳಿವು ಅದಾಗಬಹುದು.

ಈ ಉತ್ತರವನ್ನು ಮನೆಯವರಿಗೂ ಓದಿಸಿ. ಅವರು ಸೈಕಲ್ಲಿಗೆ ಬೀಗ ಹಾಕುವ ಬದಲು ಬೆಳಿಗ್ಗೆ ನಿಮ್ಮ ಜೊತೆ ಬರಲಿ.