ರಾತ್ರಿ ರಸ್ತೆಯಲ್ಲಿ ಮಕ್ಕಳನ್ನು ಪೊಲೀಸರು ತಡೆದಾಗ

ಹದಿನೆಂಟು ತುಂಬದ ಮಕ್ಕಳು ರಾತ್ರಿ ಹತ್ತರ ಮೇಲೆ ಹೊರಗೆ ಕಾಣಿಸಿಕೊಂಡರೆ ಪೊಲೀಸರು ಹಿಡಿದುಕೊಂಡು ಹೋಗಬಹುದು ಎಂದು ನಂಬಿದ ಪೋಷಕರು ಬೆಂಗಳೂರಿನಲ್ಲಿ ಇದ್ದಾರೆ. ಅಂಥ ಕಾನೂನು ನಮ್ಮಲ್ಲಿಲ್ಲ. ಅಮೆರಿಕದ ವಾಷಿಂಗ್ಟನ್ ಡಿ.ಸಿ.ಯಲ್ಲಿ 1995ರ ಕಾಯ್ದೆಯೊಂದು ಮಕ್ಕಳಿಗೆಂದೇ ರಾತ್ರಿ ಕರ್ಫ್ಯೂ ತಂದಿತು; ಟೆಕ್ಸಸ್ 2023ರಲ್ಲಿ ತನ್ನ ನಗರಗಳ ಇಂಥ ಕರ್ಫ್ಯೂಗಳನ್ನು ಶಾಸನ ಮಾಡಿ ತೆಗೆಸಿತು. ಅಲ್ಲಿರುವ ಕನ್ನಡ ಕುಟುಂಬಗಳು ತಮ್ಮ ಊರಿನ ನಿಯಮ ವಿಚಾರಿಸಿಕೊಂಡಿರಲಿ. ಇಲ್ಲಿ ಕರ್ಫ್ಯೂ ಬಂದರೆ ದೊಡ್ಡವರಿಗೂ ಚಿಕ್ಕವರಿಗೂ ಒಂದೇ. 2021ರ ಡಿಸೆಂಬರ್ 28ರಿಂದ ಕೋವಿಡ್ ಕಾರಣಕ್ಕೆ ರಾಜ್ಯದಲ್ಲಿ ರಾತ್ರಿ 10ರಿಂದ ಬೆಳಗಿನ 5ರವರೆಗೆ ಜಾರಿಯಾದದ್ದು ಹಾಗೆಯೇ. ನಿಷೇಧಾಜ್ಞೆ ಹೊರಡಿಸುವ ಹಳೆಯ 144ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಆಗಿದೆ.

ಹಾಗಾದರೆ ಟ್ಯೂಷನ್ ಮುಗಿಸಿಯೋ ಗೆಳೆಯನ ಹುಟ್ಟುಹಬ್ಬದಿಂದಲೋ ತಡವಾಗಿ ಬರುವ ಹುಡುಗನನ್ನು ಪೊಲೀಸರ ಹೊಯ್ಸಳ ಗಸ್ತು ವಾಹನ ನಿಲ್ಲಿಸಿದರೆ? ಹೆಸರು, ಮನೆ ವಿಳಾಸ ಕೇಳಬಹುದು, ಮನೆಯವರಿಗೆ ಫೋನ್ ಮಾಡಬಹುದು. ಮಾಡಲಿ, ಅದು ಒಳ್ಳೆಯದೇ. ರಾತ್ರಿ ಹೊರಗಿದ್ದ ಎಂಬುದಷ್ಟೇ ಅಪರಾಧವಲ್ಲ.

ಅಪರಾಧದ ಆರೋಪವೇ ಇದ್ದರೂ 2015ರ ಬಾಲ ನ್ಯಾಯ ಕಾಯ್ದೆ ಮಗುವಿನ ಪರವಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಯಾವ ಕಾರಣಕ್ಕೂ ಲಾಕಪ್ಪಿಗೆ ಹಾಕುವಂತಿಲ್ಲ. ಪ್ರತಿ ಠಾಣೆಯಲ್ಲೂ ಎಎಸ್ಐ ದರ್ಜೆಗೆ ಕಡಿಮೆಯಿಲ್ಲದ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಮಗುವನ್ನು ಅವರ ಅಥವಾ ವಿಶೇಷ ಬಾಲ ಪೊಲೀಸ್ ಘಟಕದ ವಶಕ್ಕೆ ಒಪ್ಪಿಸಬೇಕು. ಪೋಷಕರಿಗೆ ತಿಳಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. 2016ರ ಮಾದರಿ ನಿಯಮಗಳ ಪ್ರಕಾರ ಕೈಕೋಳ ತೊಡಿಸುವಂತಿಲ್ಲ, ಯಾವುದೇ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ. ಹೆಣ್ಣುಮಗುವಾದರೆ ಮಹಿಳಾ ಸಿಬ್ಬಂದಿಯೇ ವ್ಯವಹರಿಸಬೇಕು. "ಬೆಳಗಾಗಲಿ, ಬುದ್ಧಿ ಬರಲಿ" ಎಂದು ರಾತ್ರಿಯಿಡೀ ಠಾಣೆಯ ಬೆಂಚಿನ ಮೇಲೆ ಕೂರಿಸಲು ಯಾವ ಕಾಯ್ದೆಯೂ ಅಧಿಕಾರ ಕೊಟ್ಟಿಲ್ಲ. ಮಕ್ಕಳನ್ನು ಹೆದರಿಸಿ ತಿದ್ದಬಹುದೆಂಬ ಈ ಅಭ್ಯಾಸವನ್ನು ನಾನು ಒಪ್ಪಲಾರೆ.

ಠಾಣೆಯಿಂದ ಕರೆ ಬಂದರೆ ತಡಮಾಡದೆ ಹೋಗಿ. ಮಗುವನ್ನು ಎಷ್ಟು ಹೊತ್ತಿಗೆ, ಎಲ್ಲಿ, ಯಾಕೆ ತಡೆದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ವಯಸ್ಸಿಗೆ ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಮೊದಲ ಪುರಾವೆ. ಅವಿಲ್ಲದಿದ್ದರೆ ಜನನ ಪ್ರಮಾಣಪತ್ರ. ಮಗುವಿನ ಫೋಟೊ, ಹೆಸರು ಮಾಧ್ಯಮದಲ್ಲಿ ಬರುವಂತಿಲ್ಲ: ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಅದಕ್ಕೆ ಆರು ತಿಂಗಳವರೆಗಿನ ಸೆರೆ, ಎರಡು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ಹೇಳುತ್ತದೆ.

ಒಂದು ವಿಷಯದಲ್ಲಿ ಮಾತ್ರ ತಪ್ಪು ಪೋಷಕರದೇ. ಲೈಸೆನ್ಸ್ ಇಲ್ಲದ ಮಗನ ಕೈಗೆ ಸ್ಕೂಟರ್ ಕೀಲಿ ಕೊಟ್ಟು ಕಳಿಸಿ, ಅವನು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ವಿಧಿಸುತ್ತದೆ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ, ಮಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ದುಡಿಯುವ ಮಕ್ಕಳ ವಿಚಾರದಲ್ಲಿ ಕಾನೂನು ರಾತ್ರಿಗೆ ಗೆರೆ ಎಳೆದಿದೆ. 14ರಿಂದ 18ರೊಳಗಿನವರನ್ನು ಸಂಜೆ 7ರಿಂದ ಬೆಳಗಿನ 8ರವರೆಗೆ ದುಡಿಸಬಾರದು ಎಂಬ ನಿಷೇಧ ಇರುವುದು ಮಾಲೀಕರ ಮೇಲೆ. ಹೋಟೆಲಿನಲ್ಲಿ ತಡರಾತ್ರಿ ತಟ್ಟೆ ತೊಳೆಯುವ ಹುಡುಗ ಕಣ್ಣಿಗೆ ಬಿದ್ದರೆ ಸುಮ್ಮನೆ ಹೋಗಬೇಡಿ. ಮೆಜೆಸ್ಟಿಕ್‌ನಂಥ ನಿಲ್ದಾಣದಲ್ಲಿ ಮನೆಯವರಿಂದ ತಪ್ಪಿಸಿಕೊಂಡ ಮಗು ಸಿಕ್ಕರೆ 24 ಗಂಟೆಯೊಳಗೆ ಪೊಲೀಸರಿಗೋ ಮಕ್ಕಳ ಸಹಾಯವಾಣಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸುವುದು ಕಾನೂನಿನ ಕರ್ತವ್ಯ, ತಿಳಿಸದಿರುವುದು ಅಪರಾಧ.

ಮಕ್ಕಳ ಸಹಾಯವಾಣಿ 1098, ತುರ್ತು ಕರೆಗೆ 112, ಉಚಿತ ಕಾನೂನು ನೆರವಿಗೆ 15100. ಠಾಣೆಯಲ್ಲಿ ಮಗುವಿಗೆ ಹೊಡೆತ ಬಿದ್ದಿದ್ದರೆ ವೈದ್ಯರಿಗೆ ತೋರಿಸಿ ದಾಖಲೆ ಪಡೆದು, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಲಿಖಿತ ದೂರು ಕೊಡಿ.